ದಮ್ಮು ಕಟ್ಟಿದಾಗ ಮೊದಲು ಉಸಿರು ಬಿಡಿ

ಶ್ವಾಸಕೋಶದ ಕಾಯಿಲೆ ಇರುವವರಿಗೆ ಉಸಿರಾಟದ ಫಿಸಿಯೋಥೆರಪಿ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಸಿಒಪಿಡಿ, ಅಂದರೆ ಗಾಳಿಕೊಳವೆಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರೇ ಹೆಚ್ಚು. ಅವರ ದೂರು ಬಹುತೇಕ ಒಂದೇ: "ಉಸಿರು ಒಳಗೆ ಹೋಗ್ತಾನೇ ಇಲ್ಲ." ಪಕ್ಕೆಲುಬಿನ ಮೇಲೆ ಕೈಯಿಟ್ಟು ನೋಡಿದರೆ ಎದೆ ಆಗಲೇ ತುಂಬಿಕೊಂಡಿರುತ್ತದೆ. ಸಿಒಪಿಡಿಯಲ್ಲಿ ಸಣ್ಣ ಗಾಳಿಕೊಳವೆಗಳು ಉಸಿರು ಬಿಡುವಾಗ ಬೇಗ ಮುಚ್ಚಿಕೊಳ್ಳುತ್ತವೆ. ಹಿಂದಿನ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಎಳೆದರೆ ಎದೆ ಉಬ್ಬುತ್ತಲೇ ಹೋಗುತ್ತದೆ, ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಚಪ್ಪಟೆಯಾಗಿ ಕೆಳಗೇ ಉಳಿಯುತ್ತದೆ, ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ನಾನು ಮೊದಲು ಕಲಿಸುವುದು ಉಸಿರು ಬಿಡುವುದನ್ನು.

ಬೇಗಬೇಗ ಉಸಿರಾಡಿದರೆ ಹೆಚ್ಚು ಗಾಳಿ ಸಿಗುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ಅವರಿಗೆ ನಾನು ಒಂದು ಲೆಕ್ಕ ಬರೆದು ತೋರಿಸುತ್ತೇನೆ. ಸುಮ್ಮನೆ ಕೂತ ವಯಸ್ಕರು ಒಂದು ಸಲಕ್ಕೆ ಸುಮಾರು 500 ಮಿ.ಲೀ. ಗಾಳಿ ಎಳೆಯುತ್ತಾರೆ. ಅದರಲ್ಲಿ 150 ಮಿ.ಲೀ.ನಷ್ಟು ಮೂಗು, ಗಂಟಲು, ಶ್ವಾಸನಾಳಗಳಲ್ಲೇ ನಿಂತು ಹಾಗೇ ವಾಪಸ್ ಬರುತ್ತದೆ, ರಕ್ತದ ಹತ್ತಿರ ಹೋಗುವುದೇ ಇಲ್ಲ. ನಿಮಿಷಕ್ಕೆ 12 ಸಲ ಎಳೆದರೆ ಒಟ್ಟು 6 ಲೀಟರ್, ಕೆಲಸಕ್ಕೆ ಬಂದದ್ದು 4.2 ಲೀಟರ್. ಅದೇ 6 ಲೀಟರನ್ನು 250 ಮಿ.ಲೀ.ನಂತೆ 24 ಸಲ ಎಳೆದರೆ ಕೆಲಸಕ್ಕೆ ಬರುವುದು 2.4 ಲೀಟರ್ ಮಾತ್ರ. ಶ್ರಮ ಹೆಚ್ಚು, ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧ. ಕಾಯಿಲೆ ಇದ್ದವರಲ್ಲಿ ಈ ವ್ಯರ್ಥದ ಪಾಲು ಇನ್ನೂ ದೊಡ್ಡದು.

ಕಲಿಸುವ ಕ್ರಮ ಇಷ್ಟು. ಬಾಯಿ ಮುಚ್ಚಿ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆಯಿರಿ. ಶಿಳ್ಳೆ ಹಾಕುವವರ ಹಾಗೆ ತುಟಿ ಕಿರಿದು ಮಾಡಿ, ನಾಲ್ಕು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಕಿರಿದಾದ ತುಟಿಯಿಂದ ಒಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ, ಅದು ಕೊಳವೆಗಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಕೆನ್ನೆ ಉಬ್ಬಿಸಿ ಜೋರಾಗಿ ಊದುವುದು: ಹೊಟ್ಟೆ ಬಿಗಿಹಿಡಿದು ಊದಿದರೆ ಎದೆಯೊಳಗಿನ ಒತ್ತಡ ಏರಿ ಕೊಳವೆಗಳು ಮೊದಲಿಗಿಂತ ಬೇಗ ಮುಚ್ಚುತ್ತವೆ. ಇನ್ನೊಂದು, ಪ್ರತಿ ಸಲವೂ ಎದೆ ತುಂಬ ಎಳೆಯುವುದು: ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹೀಗಾದರೆ ಎಳೆಯುವುದನ್ನು ಕಡಿಮೆ ಮಾಡಿ, ಬಿಡುವುದನ್ನು ಉದ್ದ ಮಾಡಿ. ಹೊಟ್ಟೆಯಿಂದ ಉಸಿರಾಡಿ ಎಂದು ಎಲ್ಲರಿಗೂ ನಾನು ಒತ್ತಾಯಿಸುವುದಿಲ್ಲ. ಕಾಯಿಲೆ ಬಲಿತು ವಪೆ ಚಪ್ಪಟೆಯಾದವರಿಗೆ ಅದರಿಂದ ಶ್ರಮ ಹೆಚ್ಚಾಗಬಹುದು.

ದಮ್ಮು ಕಟ್ಟಿದ ಹೊತ್ತಿನಲ್ಲಿ ಇದನ್ನು ಹೊಸದಾಗಿ ಕಲಿಯಲು ಆಗುವುದಿಲ್ಲ. ಆರಾಮಾಗಿ ಕೂತಿದ್ದಾಗ ಐದೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ ಬೇಕಾದಾಗ ತಾನಾಗಿ ಬರುತ್ತದೆ.

ಮುಂದಿನದು ಇದನ್ನು ದಿನದ ಕೆಲಸಗಳಿಗೆ ಹೊಂದಿಸುವುದು, ನನ್ನ ಹೆಚ್ಚಿನ ಸಮಯ ಹೋಗುವುದೂ ಇಲ್ಲೇ. ನಿಯಮ ಒಂದೇ: ಕಷ್ಟದ ಭಾಗ ಬಂದಾಗ ಉಸಿರು ಹೊರಗೆ ಹೋಗುತ್ತಿರಬೇಕು. ಬಗ್ಗುವಾಗ ಬಿಡಿ, ಭಾರ ಎತ್ತುವಾಗ ಬಿಡಿ, ಕುರ್ಚಿಯಿಂದ ಏಳುವಾಗ ಬಿಡಿ. ಮೆಟ್ಟಿಲಲ್ಲಿ ನಿಂತು ಎಳೆದುಕೊಳ್ಳಿ, ಬಿಡುತ್ತಾ ಒಂದೆರಡು ಮೆಟ್ಟಿಲು ಹತ್ತಿ, ಮತ್ತೆ ನಿಲ್ಲಿ. ಉಸಿರು ಮುಗಿಯುವುದರೊಳಗೆ ಮೇಲೆ ಮುಟ್ಟಿಬಿಡೋಣ ಎಂದು ಬಿಗಿಹಿಡಿದು ಓಡುವವರೇ ಮೇಲೆ ಹೋಗಿ ಹೆಚ್ಚು ಹೊತ್ತು ಏದುಸಿರು ಬಿಡುತ್ತಾರೆ.

ನಡೆಯುವಾಗ ಪರವಾಗಿಲ್ಲ, ತಲೆ ಬಾಚುವಾಗ ಸುಸ್ತು ಎಂದು ಹೇಳುವವರನ್ನು ಮನೆಯವರು ನಂಬುವುದಿಲ್ಲ. ಅವರು ಹೇಳುವುದು ನಿಜ. ಉಸಿರಾಟಕ್ಕೆ ನೆರವಾಗುವ ಕುತ್ತಿಗೆ, ಭುಜದ ಸ್ನಾಯುಗಳು ಕೈ ಎತ್ತಿದಾಗ ಕೈಯನ್ನು ಹೊರಲು ಹೋಗುತ್ತವೆ. ಮೊಣಕೈಯನ್ನು ಮೇಜಿನ ಮೇಲೆ ಊರಿ ಬಾಚಿದರೆ ಅರ್ಧ ಕಷ್ಟ ಇಳಿಯುತ್ತದೆ. ಸ್ನಾನ ಸ್ಟೂಲಿನ ಮೇಲೆ ಕೂತು ಮಾಡಿ. ಮೈ ಉಜ್ಜಿ ಒರೆಸುವ ಬದಲು ದೊಡ್ಡ ಟವೆಲ್ ಹೊದ್ದುಕೊಳ್ಳಿ, ನೀರನ್ನು ಅದೇ ಹೀರಿಕೊಳ್ಳಲಿ. ದಮ್ಮು ಕಟ್ಟಿದರೆ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ ಕೂತುಕೊಳ್ಳಿ.

ಹಾಗಂತ ಏದುಸಿರಿಗೆ ಹೆದರಿ ಕೂತುಬಿಡಬಾರದು. ನಡಿಗೆ ಬಿಟ್ಟರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಬೇಗ ಸೇರಿಕೊಳ್ಳುತ್ತದೆ, ಅದರಿಂದ ಅಷ್ಟೇ ದೂರಕ್ಕೆ ಮೊದಲಿಗಿಂತ ಹೆಚ್ಚು ಉಸಿರು ಬೇಕಾಗುತ್ತದೆ. 0 ಎಂದರೆ ಏನೂ ಇಲ್ಲ, 10 ಎಂದರೆ ತಡೆಯಲಾರೆ ಎಂಬ ಅಳತೆಯಲ್ಲಿ 4ರ ಆಸುಪಾಸಿನ ಏದುಸಿರು ಇರುವಂತೆ ನಡೆಸುತ್ತೇನೆ.

ಇನ್ನು ಆಕ್ಸಿಜನ್. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರಿನಲ್ಲಿ 96 ಇದ್ದರೂ ದಮ್ಮು ಕಟ್ಟಬಹುದು, 86ಕ್ಕೆ ಇಳಿದರೂ ಕೆಲವರಿಗೆ ಗೊತ್ತಾಗದೆ ಇರಬಹುದು. ಉಸಿರಾಡು ಎಂದು ಮೆದುಳನ್ನು ಎಚ್ಚರಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಆಕ್ಸಿಮೀಟರ್ ತೋರಿಸುವುದು ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟಕ್ಕೆ ಆಕ್ಸಿಜನ್ ತುಂಬಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ 14 ಗ್ರಾಂ ಇರಬೇಕಾದಲ್ಲಿ 7 ಗ್ರಾಂ ಇದ್ದರೆ, ಪರದೆಯ ಮೇಲೆ 98 ಇದ್ದರೂ ರಕ್ತ ಹೊತ್ತಿರುವುದು ಅರ್ಧ.

ಅಳೆಯುವ ಮೊದಲು ಐದು ನಿಮಿಷ ಕೂತಿರಿ, ಉಗುರುಬಣ್ಣ ತೆಗೆಯಿರಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. ಉಪಕರಣದ ನಾಡಿಬಡಿತವೂ ಮಣಿಕಟ್ಟಿನಲ್ಲಿ ನೀವೇ ಎಣಿಸಿದ ಬಡಿತವೂ ಹೊಂದದಿದ್ದರೆ ಆ ಅಂಕಿಯನ್ನು ನಂಬಬೇಡಿ. ಕಪ್ಪು ಚರ್ಮದವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಡೆದು ನಿಂತ ಮೇಲೂ ಬೆರಳಿನ ಅಂಕಿ ಸ್ವಲ್ಪ ತಡವಾಗಿ ಇಳಿಯುತ್ತದೆ, ತಕ್ಷಣ ತೆಗೆಯಬೇಡಿ.

ಮನೆಯಲ್ಲಿ ಆಕ್ಸಿಜನ್ ಕೊಡುವ ಯಂತ್ರವಾದ ಕಾನ್ಸಂಟ್ರೇಟರ್ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಜಿಯೋಲೈಟ್ ಹರಳುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು, ಸುಮಾರು ಶೇ. 93 ಆಕ್ಸಿಜನ್ ಹೊರಬಿಡುತ್ತದೆ. ಅದನ್ನು ಗೋಡೆಗೆ ತಾಗಿಸಿ ಇಡಬಾರದು. ಹೊರಗಿನ ಫಿಲ್ಟರನ್ನು ವಾರಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಹಾಕಿ. ಹರಿವು ತೋರಿಸುವ ಫ್ಲೋಮೀಟರಿನ ಗುಂಡನ್ನು ಕಣ್ಣಿನ ಮಟ್ಟದಲ್ಲಿ ನೋಡಿ, ಬೇಕಾದ ಹರಿವಿನ ಗೆರೆ ಗುಂಡಿನ ನಡುವೆ ಹಾಯಬೇಕು. ಗಾಳಿ ಬರುತ್ತಿಲ್ಲ ಎನಿಸಿದರೆ ಮೂಗಿನ ನಳಿಗೆಯನ್ನು ಲೋಟದ ನೀರಿನಲ್ಲಿ ಅದ್ದಿ. ಗುಳ್ಳೆ ಬಾರದಿದ್ದರೆ ಒಂದೋ ನಳಿಗೆ ಮಂಚದ ಕಾಲಿನ ಕೆಳಗೆ ಮಡಚಿಕೊಂಡಿರುತ್ತದೆ, ಇಲ್ಲವೇ ಆಕ್ಸಿಜನ್‌ಗೆ ತೇವ ಕೊಡುವ ನೀರಿನ ಬಾಟಲಿಯ ಮುಚ್ಚಳ ಓರೆಯಾಗಿ ಕೂತು ಸೋರುತ್ತಿರುತ್ತದೆ. ಕರೆಂಟ್ ಹೋದಾಗಿನ ಸಿಲಿಂಡರಿಗೆ ಲೆಕ್ಕ ಸುಲಭ: 1500 ಲೀಟರ್ ತುಂಬಿದ್ದು, ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ಮೂಗು ಒಣಗಿದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ಹತ್ತಿಕೊಳ್ಳುವ ಅಪಾಯವಿದೆ. ನೀರಿನಾಧಾರದ ಜೆಲ್ ಸಾಕು. ಬೀಡಿ, ಸಿಗರೇಟು, ಒಲೆ, ದೀಪ ಯಾವುದೂ ಹತ್ತಿರ ಸುಳಿಯಬಾರದು.

ರಕ್ತದಲ್ಲಿ ಸದಾ ಆಕ್ಸಿಜನ್ ಕಡಿಮೆ ಇರುವ ಸಿಒಪಿಡಿಯವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಹಚ್ಚಲು ಹೇಳುತ್ತಾರೆ. ದಮ್ಮು ಬಂದಾಗ ಮಾತ್ರ ಹತ್ತು ನಿಮಿಷ ಹಚ್ಚಿ ತೆಗೆದರೆ ಅಷ್ಟು ಹೊತ್ತು ಹಚ್ಚುವುದರ ಪ್ರಯೋಜನ ಸಿಗದು. ಹರಿವನ್ನು ನೀವಾಗಿ ಏರಿಸುವುದು ಇನ್ನೂ ಕೆಟ್ಟದ್ದು. ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವ ಸಿಒಪಿಡಿಯವರಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ಗುರಿ ಕೊಟ್ಟಿರುತ್ತಾರೆ. 98 ಕಾಣಲೆಂದು ಏರಿಸಿದರೆ ಆ ಅನಿಲ ಇನ್ನಷ್ಟು ಸೇರಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ತಲೆನೋವು, ಹಗಲಲ್ಲಿ ಮಂಪರು, ಮಾತಿನಲ್ಲಿ ಗೊಂದಲ ಕಂಡರೆ ಅದೇ ಇರಬಹುದು. ಅಂಕಿ ಚೆನ್ನಾಗಿದೆ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.