ಹಿಗ್ಗುತ್ತಿದ್ದ ಪ್ರೋಟಾನ್ ಕಿರಣಕ್ಕೆ ಕಂಡುಕೊಂಡ ಪರಿಹಾರ

ಅಯಾನು ಮೂಲದಿಂದ (ಆವೇಶಯುಕ್ತ ಕಣಗಳನ್ನು ಉತ್ಪಾದಿಸುವ ಸಾಧನದಿಂದ) 30 ಕಿಲೋವೋಲ್ಟ್‌ನಲ್ಲಿ ಹೊರಬರುತ್ತಿದ್ದ ಪ್ರೋಟಾನ್ ಕಿರಣವನ್ನು ನಾವು ಸ್ಥಿರವಿದ್ಯುತ್ ಮಸೂರದಿಂದ, ಅಂದರೆ ವಿದ್ಯುತ್ ಕ್ಷೇತ್ರದಿಂದ ಕಿರಣವನ್ನು ಬಾಗಿಸುವ ಸಾಧನದಿಂದ, ಕೇಂದ್ರೀಕರಿಸುತ್ತಿದ್ದೆವು. ಕಿರಣದ ಪ್ರವಾಹ ಕಡಿಮೆಯಿದ್ದಾಗ ತೊಂದರೆಯಿರಲಿಲ್ಲ. ಹಲವು ಮಿಲಿಆಂಪಿಯರ್‌ಗಳಿಗೆ ಏರಿಸಿದೊಡನೆ ಕಿರಣ ಹಿಗ್ಗಿ ವೇಗವರ್ಧಕದ ಪ್ರವೇಶರಂಧ್ರದ ಅಂಚಿಗೆ ಬಡಿಯುತ್ತಿತ್ತು. ಮಸೂರದ ವೋಲ್ಟೇಜನ್ನು ಎಷ್ಟು ಬದಲಿಸಿದರೂ ಫಲ ಸಿಗಲಿಲ್ಲ.

ಪ್ರೋಟಾನ್‌ಗಳು ಒಂದನ್ನೊಂದು ವಿಕರ್ಷಿಸುವುದೇ ಇದರ ಮೂಲ. ಸಾಮಾನ್ಯವಾಗಿ, ನಿರ್ವಾತ ಕೊಳವೆಯಲ್ಲಿ ಉಳಿದಿರುವ ಅನಿಲವನ್ನು ಕಿರಣವೇ ಅಯಾನೀಕರಿಸಿದಾಗ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳು ಕಿರಣದೊಳಗೆ ಸೆರೆಯಾಗಿ ಆ ವಿಕರ್ಷಣೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಸ್ಥಿರವಿದ್ಯುತ್ ಮಸೂರದ ಕ್ಷೇತ್ರವಾದರೋ ಈ ಉಪಕಾರಿ ಎಲೆಕ್ಟ್ರಾನ್‌ಗಳನ್ನು ಹೊರಗೆಳೆದುಬಿಡುತ್ತದೆ. ಆ ಮಸೂರವನ್ನು ತೆಗೆದು, ಕಾಂತಕ್ಷೇತ್ರದಿಂದ ಕೇಂದ್ರೀಕರಿಸುವ ತಂತಿಸುರುಳಿಯಾದ ಸೊಲೆನಾಯ್ಡ್ ಕೂರಿಸಿದ ಮೇಲೆ, ಹೆಚ್ಚಿನ ಪ್ರವಾಹದಲ್ಲಿಯೂ ಕಿರಣ ರಂಧ್ರದೊಳಗೆ ಹಾದುಹೋಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ಥಿರವಿದ್ಯುತ್ ಮಸೂರವು ಒಂದೇ ವೋಲ್ಟೇಜ್‌ನಲ್ಲಿ ಹೊರಟ ಎಲ್ಲ ಏಕಾವೇಶ (ಒಂದೇ ಘಟಕ ಆವೇಶವುಳ್ಳ) ಅಯಾನುಗಳನ್ನೂ ಸಮಾನವಾಗಿ ಬಾಗಿಸುತ್ತದೆ, ಸೊಲೆನಾಯ್ಡ್ ಹಾಗಲ್ಲ. ಪ್ರೋಟಾನ್‌ಗಳೊಂದಿಗೆ ಮೂಲದಿಂದ ಹೊರಬರುವ, ಪ್ರೋಟಾನಿನ ಇಮ್ಮಡಿ ದ್ರವ್ಯರಾಶಿಯುಳ್ಳ ಹೈಡ್ರೋಜನ್ ಅಣು ಅಯಾನು ಅಷ್ಟೇ ಬಾಗಲು ಸುಮಾರು 1.4 ಪಟ್ಟು ಕಾಂತಕ್ಷೇತ್ರ ಬೇಕು. ಆದ್ದರಿಂದ ರಂಧ್ರದಾಚೆ ಒಟ್ಟು ಪ್ರವಾಹ ಇಳಿದರೆ ಪ್ರೋಟಾನ್‌ಗಳೇ ನಷ್ಟವಾದವೆಂದು ತಿಳಿಯಬಾರದು. ತಡೆಯಲ್ಪಟ್ಟವುಗಳಲ್ಲಿ ಹೆಚ್ಚಿನವು ಈ ಅಣು ಅಯಾನುಗಳಾಗಿರಬಹುದು. ಕೊನೆಯದಾಗಿ, ವೇಗವರ್ಧಕದ ಕ್ಷೇತ್ರವು ಎಲೆಕ್ಟ್ರಾನ್‌ಗಳನ್ನು ಸೆಳೆಯದಂತೆ ರಂಧ್ರದ ಮುಂದೆ ಋಣ ವೋಲ್ಟೇಜಿನ ಉಂಗುರವೊಂದನ್ನು ಇರಿಸಿದೆವು.