ತಾಲ್ಲೂಕು ಆಸ್ಪತ್ರೆಗೆ ಆಕ್ಸಿಜನ್: ಸಿಎಸ್‌ಆರ್ ಹಣವನ್ನು ನಾವು ಬಳಸಿದ ಬಗೆ

ಕೋವಿಡ್ ಎರಡನೇ ಅಲೆಯ ಹೊತ್ತಿಗೆ, 2021ರ ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆಕ್ಸಿಜನ್ ತಯಾರಿಕೆಗೆ ಕೊರತೆ ಇರಲಿಲ್ಲ. ತೋರಣಗಲ್ಲಿನಿಂದ ದ್ರವ ಆಕ್ಸಿಜನ್ ತುಂಬಿದ ಟ್ಯಾಂಕರುಗಳು ಹೊರ ಜಿಲ್ಲೆಗಳಿಗೂ ಹೋಗುತ್ತಿದ್ದವು. ಆದರೆ ಆಕ್ಸಿಜನ್ ಪಕ್ಕದ ತಾಲ್ಲೂಕು ಆಸ್ಪತ್ರೆಯ ಹಾಸಿಗೆ ಮುಟ್ಟಬೇಕಾದರೆ ಸಿಲಿಂಡರ್, ರೆಗ್ಯುಲೇಟರ್, ವೈರಿಂಗ್, ನೋಡಿಕೊಳ್ಳುವ ಜನ ಎಲ್ಲವೂ ಬೇಕು. ತೊಡಕಾಗಿದ್ದು ಅಲ್ಲಿ. ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಸಿಎಸ್‌ಆರ್ (ಕಂಪನಿ ತನ್ನ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹೊಣೆ) ವಿಭಾಗದವರಾಗಿ ನಾವು ಹಣ ಹಾಕಿದ್ದೂ ಅಲ್ಲಿಗೇ.

ಕಾನೂನಿನ ಕಡೆ ತೊಡಕು ಕಡಿಮೆ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಯ ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2 ಸಿಎಸ್‌ಆರ್‌ಗೆ ಖರ್ಚಾಗಬೇಕು. ಕೋವಿಡ್ ಕೆಲಸ ಇದರಲ್ಲಿ ಸೇರುತ್ತದೆಂದು 2020ರ ಮಾರ್ಚ್ 23ರ ಕೇಂದ್ರದ ಸುತ್ತೋಲೆ ಹೇಳಿತು. ಆಕ್ಸಿಜನ್ ಘಟಕ, ಕಾನ್ಸಂಟ್ರೇಟರ್ (ಕರೆಂಟಿನಲ್ಲಿ ಓಡಿ ಸುತ್ತಲ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ), ಸಿಲಿಂಡರ್‌ಗಳ ಮಾತನ್ನು 2021ರ ಮೇ 5ರ ಸುತ್ತೋಲೆ ಬಿಡಿಸಿಯೇ ಹೇಳಿತು. ಲಾಕ್‌ಡೌನ್‌ನಲ್ಲಿ ಕಾರ್ಮಿಕರಿಗೆ ಕೊಟ್ಟ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದೂ ಬರುವುದಿಲ್ಲ, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದು ಬರುತ್ತದೆ.

ಬೇಡಿಕೆ ಪಟ್ಟಿಯನ್ನು ಫೋನಿನಲ್ಲಿ ಬರೆದುಕೊಳ್ಳಬಾರದು. ತಾಲ್ಲೂಕು ಆರೋಗ್ಯಾಧಿಕಾರಿಗಳ ಪತ್ರ ತೆಗೆದುಕೊಂಡು, ಕಾರ್ಖಾನೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ವಾರ್ಡಿಗೇ ಹೋಗಬೇಕು. "ಮಷೀನ್ ಆಮ್ಯಾಲೆ ಕೊಡ್ರಿ ಸರ್, ಮೊದ್ಲು ಸ್ವಿಚ್ ಬೋರ್ಡ್ ಮಾಡಿಸಿಕೊಡ್ರಿ" ಎಂದು ಸ್ಟಾಫ್ ನರ್ಸ್ ಒಬ್ಬರು ಹೇಳಿದ್ದು ಇಡೀ ಯೋಜನೆಯ ತಿರುಳು. ನಿಮಿಷಕ್ಕೆ 10 ಲೀಟರ್ ಕೊಡುವ ಕಾನ್ಸಂಟ್ರೇಟರ್ ಒಂದಕ್ಕೆ ಸುಮಾರು 600 ವ್ಯಾಟ್ ಬೇಕು. ಹತ್ತು ಇಟ್ಟರೆ 6 ಕಿಲೋವ್ಯಾಟ್, ಅದೂ ಹಗಲು ರಾತ್ರಿ. ಹಳೇ ವಾರ್ಡಿನ ತೆಳು ವೈರು, ಎಕ್ಸ್‌ಟೆನ್ಷನ್ ಬೋರ್ಡು ಇದಕ್ಕೆ ತಡೆಯುವುದಿಲ್ಲ. ಬಿಸಿಯಾಗಿ ಸಾಕೆಟ್ ಕರಗುತ್ತದೆ, ಆಕ್ಸಿಜನ್ ಇರುವ ಕೋಣೆಯಲ್ಲಿ ಅದು ಬೆಂಕಿಗೆ ಆಹ್ವಾನ. ಹಾಗಾಗಿ ಬೇರೆಯೇ ಲೈನು, ಯಂತ್ರಕ್ಕೊಂದು ಸಾಕೆಟ್, ಅರ್ಥಿಂಗ್, ಸ್ಟೆಬಿಲೈಜರ್, ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇವಿಷ್ಟನ್ನೂ ಯಂತ್ರದ ಅಂದಾಜಿನಲ್ಲೇ ಸೇರಿಸಬೇಕು.

ಬಂದ ಯಂತ್ರವನ್ನು ಪೆಟ್ಟಿಗೆ ಸಮೇತ ಹಸ್ತಾಂತರಿಸಬಾರದು. ಪೂರ್ತಿ ಹರಿವಿಗೆ ಇಟ್ಟು 20 ನಿಮಿಷ ಓಡಿಸಿ, ಶುದ್ಧತೆ ಅಳೆಯುವ ಆಕ್ಸಿಜನ್ ಅನಲೈಜರ್ ಹಿಡಿದು ನೋಡಬೇಕು. ಶೇ. 90ಕ್ಕಿಂತ ಮೇಲೆ ತೋರಿಸಬೇಕು. ಕೆಲವು ಯಂತ್ರ 5 ಲೀಟರ್‌ಗೆ ಚೆನ್ನಾಗಿ ತೋರಿಸಿ, 10ಕ್ಕೆ ಏರಿಸಿದ ಕೂಡಲೇ ಕುಸಿಯುತ್ತವೆ. ಅಂಥವು ವಾಪಸ್ ಹೋಗಬೇಕು.

ನಮ್ಮ ಸೀಮೆಯ ದೊಡ್ಡ ಶತ್ರು ಧೂಳು. ಸಂಡೂರು ಕಡೆ ಅದಿರಿನ ಕೆಂಪು ಪುಡಿ ಯಂತ್ರ ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಸ್ಪಂಜಿನ ಮೇಲೆ ಎರಡೇ ದಿನದಲ್ಲಿ ಕಾವಿ ಬಳಿದಂತೆ ಕೂರುತ್ತದೆ. ಕೈಪಿಡಿಯಲ್ಲಿ ವಾರಕ್ಕೊಮ್ಮೆ ತೊಳೆಯಿರಿ ಎಂದಿದ್ದರೂ ಇಲ್ಲಿ ಎರಡು ದಿನಕ್ಕೊಮ್ಮೆ ತೊಳೆಯುವುದೇ ಸರಿ. ಒದ್ದೆ ಸ್ಪಂಜನ್ನು ಹಾಕಿದರೆ ತೇವ ಒಳಗಿನ ಜಿಯೋಲೈಟ್‌ಗೆ (ಗಾಳಿಯ ನೈಟ್ರೋಜನ್ ಹಿಡಿದು ಆಕ್ಸಿಜನ್ ಬಿಡುವ ಖನಿಜಕ್ಕೆ) ಹೋಗಿ ಅದು ಆ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಯಂತ್ರಕ್ಕೆ ಎರಡು ಸ್ಪಂಜು ಕೊಟ್ಟು, ಒಂದು ಒಣಗುವಾಗ ಇನ್ನೊಂದು ಓಡುವಂತೆ ಮಾಡಿದೆವು. ಗೋಡೆ, ಪರದೆಗಳಿಂದ ಒಂದಡಿ ದೂರ ಇಡಬೇಕು. ಆಕ್ಸಿಜನ್‌ಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿಗೆ ನಲ್ಲಿ ನೀರು ಬೇಡ. ಡಿಸ್ಟಿಲ್ಡ್ ನೀರು, ಇಲ್ಲವೇ ಕುದಿಸಿ ಆರಿಸಿದ ನೀರು ಹಾಕಿ ದಿನವೂ ಬದಲಿಸಬೇಕು.

ಕರೆಂಟು ಹೋದಾಗ ಜೀವ ಉಳಿಸುವುದು ಸಿಲಿಂಡರ್. ಡಿ ಟೈಪ್ ಜಂಬೋ ಎಂಬ ದೊಡ್ಡ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹರಿದರೆ ಲೆಕ್ಕಕ್ಕೆ 11 ತಾಸಿನ ಮೇಲೆ ಬರುತ್ತದೆ, ಆದರೆ ಪೂರ್ತಿ ಬರಿದು ಮಾಡುವಂತಿಲ್ಲ, 10 ತಾಸು ಎಂದೇ ಎಣಿಸಬೇಕು. ಉಸಿರಾಟ ತೀರಾ ಕಷ್ಟವಾದ ರೋಗಿಗೆ ಮೂಗಿನ ಮೂಲಕ ರಭಸದಿಂದ ಆಕ್ಸಿಜನ್ ಕೊಡುವ ಹೈ ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್ ಎಳೆದರೆ ಅದೇ ಸಿಲಿಂಡರ್ ಎರಡು ತಾಸೂ ಬಾರದು. ಇಂಥ ರೋಗಿಗಳಿಗೆ ದ್ರವ ಆಕ್ಸಿಜನ್ ಟ್ಯಾಂಕ್ ಇರುವ ದೊಡ್ಡಾಸ್ಪತ್ರೆಯೇ ದಾರಿ. ತುಂಬಿಸಲು ಹೋದ ಸಿಲಿಂಡರ್ ತಿರುಗಿ ಬರಲು ಎಷ್ಟು ಹೊತ್ತು ಬೇಕೋ ನೋಡಿ, ಅಷ್ಟು ಹೊತ್ತಿಗೆ ಸಾಲುವಷ್ಟು ತುಂಬಿದ ಸಿಲಿಂಡರ್ ವಾರ್ಡಿನಲ್ಲಿ ಉಳಿಯಬೇಕು. ವಾಲ್ವಿಗೆ ಎಣ್ಣೆ, ಗ್ರೀಸ್ ಸೋಕಲೇಬಾರದು. ಸ್ಯಾನಿಟೈಜರ್ ಹಚ್ಚಿದ ಕೈ ಪೂರ್ತಿ ಒಣಗದೆ ವಾಲ್ವ್ ಮುಟ್ಟಬಾರದು. ನಿಧಾನಕ್ಕೆ ತೆರೆಯಬೇಕು. ಕೈದಾಸ್ತಾನಿನಲ್ಲಿ ರೆಗ್ಯುಲೇಟರ್ ವಾಷರ್ ಇರಲೇಬೇಕು. ಆ ಸಣ್ಣ ವಾಷರ್ ಹರಿದರೆ ತುಂಬಿದ ಸಿಲಿಂಡರೂ ಸೋರಿಯೇ ಮುಗಿಯುತ್ತದೆ.

ಇನ್ನು ಹಣದ ಬಾಳಿಕೆ. ಎಲ್ಲವನ್ನೂ ಒಂದೇ ವರ್ಷದ ಖರ್ಚಾಗಿ ತೋರಿಸಿ ಮುಗಿಸಿದರೆ ಮುಂದಿನ ರಿಪೇರಿಗೆ ಕಾಸು ಇರುವುದಿಲ್ಲ. 2021ರ ಜನವರಿಯ ತಿದ್ದುಪಡಿ ನಿಯಮಗಳಲ್ಲಿ 'ಚಾಲ್ತಿ ಯೋಜನೆ' ಎಂಬ ದಾರಿ ಇದೆ: ಆರಂಭವಾದ ವರ್ಷ ಬಿಟ್ಟು ಇನ್ನೂ 3 ವರ್ಷದವರೆಗೆ ನಡೆಸಬಹುದು. ಉಳಿದ ಹಣವನ್ನು ಹಣಕಾಸು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಬೇಕು. ಕಂಪನಿಯ ಆಡಳಿತ ಮಂಡಳಿಯ ಠರಾವಿನಲ್ಲೇ ಯಂತ್ರ, ವೈರಿಂಗ್, ನಿರ್ವಹಣಾ ಒಪ್ಪಂದ, ಬಿಡಿಭಾಗ ಎಲ್ಲವನ್ನೂ ಒಂದೇ ಯೋಜನೆಯಾಗಿ ಬರೆಸಿದರೆ ತಂತ್ರಜ್ಞರನ್ನು ಕರೆಸುವುದಕ್ಕೆ ಹೊಸ ಮಂಜೂರಾತಿ ಕೇಳಬೇಕಿಲ್ಲ. ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ಆದ್ದರಿಂದ ಹಸ್ತಾಂತರ ಪತ್ರ ಮಾಡಿ, ಕ್ರಮಸಂಖ್ಯೆ ಸಮೇತ ಆಸ್ಪತ್ರೆಯ ದಾಸ್ತಾನು ವಹಿಯಲ್ಲಿ ಬರೆಸಿ, ಆ ಪುಟದ ಪ್ರತಿಯನ್ನು ಲೆಕ್ಕಪರಿಶೋಧಕರಿಗೆ ಇಟ್ಟುಕೊಳ್ಳಬೇಕು.

ಅಲೆ ಇಳಿದ ಮೇಲೆ ಯಂತ್ರಗಳು ಸ್ಟೋರ್ ರೂಮು ಸೇರುತ್ತವೆ. ಸುಮ್ಮನೆ ಕೂತರೂ ಜಿಯೋಲೈಟ್ ತೇವ ಹೀರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ತಿಂಗಳಿಗೊಮ್ಮೆ ಪ್ರತಿ ಯಂತ್ರವನ್ನೂ ಓಡಿಸಿ, ಶುದ್ಧತೆ ಅಳೆದು, ದಿನಾಂಕ ಮತ್ತು ಸಹಿಯೊಂದಿಗೆ ಯಂತ್ರಕ್ಕೆ ಕಟ್ಟಿದ ಕಾರ್ಡಿನಲ್ಲಿ ಬರೆಯಬೇಕೆಂಬ ಷರತ್ತನ್ನು ನಿರ್ವಹಣಾ ಒಪ್ಪಂದದಲ್ಲೇ ಹಾಕಿಸಿದೆವು. ಕಾರ್ಡಿನಲ್ಲಿ ಸಹಿ ಇಲ್ಲದ ತಿಂಗಳಿಗೆ ಗುತ್ತಿಗೆದಾರರ ಬಿಲ್ಲು ಪಾಸಾಗುವುದಿಲ್ಲ.