ಹೀಟರ್ ಕೋರ್ ಸೋರಿದಾಗ ಡ್ಯಾಶ್‌ಬೋರ್ಡ್ ಬಿಚ್ಚಿಯೇ ಸರಿಪಡಿಸಿದ್ದು

ಬೆಲ್ಲ ಸಾಗಿಸುವ ಗಾಡಿಯಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟಿನ ಸೋರಿಕೆಯನ್ನು ವಾಸನೆಯಿಂದ ಕಂಡುಹಿಡಿಯುವುದು ಕಷ್ಟ. ಕ್ಯಾಬಿನ್ನಿಗೆ ಬಿಸಿ ಗಾಳಿ ಕೊಡುವ ಹೀಟರ್ ಕೋರ್ ಸೋರಿದರೆ ಒಳಗೆ ಸಿಹಿ ವಾಸನೆ ಬರುತ್ತದೆ ಎಂಬುದು ಮೆಕ್ಯಾನಿಕ್‌ಗಳು ಹೇಳುವ ಮೊದಲ ಲಕ್ಷಣ. ನನ್ನ ಹಳೆಯ ಡೀಸೆಲ್ ಪಿಕಪ್ ಮಂಡ್ಯದ ಆಲೆಮನೆಗಳಿಂದ ಬೆಲ್ಲ ಹೇರಿಕೊಂಡು ಊಟಿಗೆ ಹೋಗುತ್ತದೆ. ಅಲ್ಲಿಂದ ಕ್ಯಾರೆಟ್, ಎಲೆಕೋಸು ತುಂಬಿಕೊಂಡು ಮೈಸೂರಿನ ಬಂಡೀಪಾಳ್ಯದ ಎಪಿಎಂಸಿಗೆ ಬರುತ್ತದೆ. ಅದರ ಸೀಟು, ಚಾಪೆ ಎಲ್ಲಕ್ಕೂ ವರ್ಷವಿಡೀ ಬೆಲ್ಲದ ವಾಸನೆಯೇ. ಹಾಗಾಗಿ ನಾನು ಮೂಗನ್ನು ಬಿಟ್ಟು ಮುಂದಿನ ಗಾಜನ್ನು ನಂಬಿದೆ.

ಮಳೆಗಾಲದಲ್ಲಿ ಗಾಜಿನ ಒಳಗೆ ಮಬ್ಬು ಕಟ್ಟುವುದು ಸಾಮಾನ್ಯ. ಕಿಟಕಿ ಸ್ವಲ್ಪ ಇಳಿಸಿ ಬ್ಲೋವರ್ ಹಾಕಿದರೆ ಆ ಮಬ್ಬು ಹೋಗಬೇಕು. ಇಲ್ಲಿ ಬ್ಲೋವರ್ ಹಾಕಿದಷ್ಟೂ ಮಬ್ಬು ಹೆಚ್ಚಾಯಿತು. ಹಳೆಯ ಪೇಪರಿನಿಂದ ಒರೆಸಿದರೆ ಹೋಗುವ ಬದಲು ಎಣ್ಣೆಯಂತೆ ಹರಡಿತು. ಎದುರು ಬರುವ ಗಾಡಿಯ ಬೆಳಕು ಬಿದ್ದಾಗ ಗಾಜಿನ ತುಂಬ ಗೆರೆಗೆರೆ. ಬೆರಳಿನಿಂದ ಉಜ್ಜಿದರೆ ಜಾರುತ್ತಿತ್ತು. ಎಡಗಡೆ ಸೀಟಿನ ಮುಂದೆ ಚಾಪೆ ಎತ್ತಿದಾಗ ಕೆಳಗಿನ ಹಾಸು ಒದ್ದೆ. ಬಿಳಿ ಬಟ್ಟೆಯನ್ನು ಅದರ ಮೇಲೆ ಒತ್ತಿದರೆ ತಿಳಿ ಹಸಿರು ಕಲೆ. ಮಳೆ ನೀರಿಗೆ ಬಣ್ಣವಿಲ್ಲ, ಜಾರುವ ಗುಣವೂ ಇಲ್ಲ. ಎ.ಸಿ. ಇರುವ ಗಾಡಿಯಾದರೆ ಅದರ ನೀರು ಅಲ್ಲಿ ಸೋರಿತೇ ಎಂದು ಮೊದಲು ನೋಡಬೇಕು, ನನ್ನದರಲ್ಲಿ ಎ.ಸಿ. ಇಲ್ಲ. ಎಂಜಿನ್ ಕೆಳಗೆ ಒಂದು ಹನಿಯೂ ಇಲ್ಲದೆ ಕೂಲೆಂಟ್ ಬಾಟಲಿಯ ಮಟ್ಟ ಇಳಿಯುತ್ತಲೇ ಇತ್ತು. ಇಷ್ಟು ಸಾಕ್ಷಿ ಒಟ್ಟಿಗೆ ಸಿಕ್ಕರೆ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ.

ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕುಳಿತಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲೆಂಟ್ ಒಂದು ಪೈಪಿನಲ್ಲಿ ಒಳಗೆ ಬಂದು ಇನ್ನೊಂದರಲ್ಲಿ ಹೊರಗೆ ಹೋಗುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ. ಕಬ್ಬಿನ ಗದ್ದೆಯ ಬಿಸಿಲಿನಲ್ಲಿ ಓಡುವ ಗಾಡಿಗೆ ಹೀಟರ್ ಏಕೆ ಎಂದು ನನ್ನನ್ನು ಕೇಳದವರಿಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಾಗಿಲು ತೆರೆದ ಕೂಡಲೇ ಹೊರಟು ಗೂಡಲೂರು ದಾಟಿ ನಡುವಟ್ಟಂ ಕಡೆ ಹತ್ತುವಾಗ ಮಳೆ, ಮಂಜು ಎರಡೂ ಸೇರಿರುತ್ತವೆ. ಅಲ್ಲಿ ಗಾಜಿನ ಮೇಲೆ ಬಿಸಿ ಗಾಳಿ ಬೀಳದಿದ್ದರೆ ತಿರುವಿನಲ್ಲಿ ಎದುರು ಬರುವ ಬಸ್ಸು ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹೀಟರ್ ಕೋರ್ ಸೋರಿದರೆ ಕೆಟ್ಟದ್ದು ಹೀಟರ್ ಮಾತ್ರ ಎಂದು ಜನ ತಿಳಿಯುತ್ತಾರೆ. ಅದರಲ್ಲಿ ಓಡುವುದು ಎಂಜಿನ್ನನ್ನು ತಂಪಾಗಿಡುವ ಅದೇ ನೀರು. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 92–93 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವ ಶಾಖ ಹೆಚ್ಚು ಕಡಿಮೆ ಅಷ್ಟೇ. ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುವುದರಿಂದಲೇ ಗಾಡಿ ಘಾಟಿ ಹತ್ತುತ್ತದೆ. ಎಲ್ಲೋ ಒಂದು ಸಣ್ಣ ತೂತಿದ್ದರೂ ಒತ್ತಡ ನಿಲ್ಲುವುದಿಲ್ಲ. ಭಾರ ಹೇರಿಕೊಂಡು ಎರಡನೇ ಗೇರಿನಲ್ಲಿ ಹತ್ತುವಾಗ ನೀರು ಕುದಿದರೆ ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ಟಿಗೆ ಕುತ್ತು. ಕೋರ್ ಪೂರ್ತಿ ಒಡೆದರಂತೂ ಕುದಿಯುವ ದ್ರವ ಪಕ್ಕದಲ್ಲಿ ಕುಳಿತವರ ಕಾಲಿನ ಮೇಲೆ, ಹಬೆ ಗಾಜಿನ ಮೇಲೆ.

ಖಚಿತಪಡಿಸಿಕೊಳ್ಳಲು ಒತ್ತಡ ಪರೀಕ್ಷೆ ಮಾಡಿದೆ. ಎಂಜಿನ್ ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು, ಆ ಜಾಗಕ್ಕೆ ಕೈಪಂಪಿನ ಟೆಸ್ಟರ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಬೇಕು. ಹೆಚ್ಚು ಕೊಟ್ಟರೆ ಚೆನ್ನಾಗಿರುವ ಹಳೆಯ ಪೈಪೂ ಒಡೆಯುತ್ತದೆ. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ನೋಡಿದರೆ ಹೀಟರ್ ಪೆಟ್ಟಿಗೆಯ ಮೂಲೆಯಲ್ಲಿ ಹನಿ ಕೂಡಿ, ಉಬ್ಬಿ, ತಟ್ಟನೆ ಬಿತ್ತು. ಮುಳ್ಳು ಇಳಿದರೂ ಎಲ್ಲೂ ಹನಿ ಕಾಣದಿದ್ದರೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ ಇದ್ದರೆ, ಅದು ಹೆಡ್ ಗ್ಯಾಸ್ಕೆಟ್ ಕಥೆ. ಅಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚುವ ಅಗತ್ಯವಿಲ್ಲ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು ನಮ್ಮ ಚಾಲಕರ ಹಳೆಯ ಉಪಾಯ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿಯೂ ಮಾಡುವುದು ಅದನ್ನೇ. ನಡುದಾರಿಯಲ್ಲಿ ಬೇರೆ ದಾರಿಯಿಲ್ಲದಿದ್ದರೆ ಸರಿ. ಹೀಟರ್ ಕೋರಿನ ಕೊಳವೆಗಳು ರೇಡಿಯೇಟರಿನವುಗಳಿಗಿಂತ ಸಪೂರ; ಪುಡಿ ತೂತನ್ನು ಮುಚ್ಚುವಾಗ ದಾರಿಯನ್ನೂ ಮುಚ್ಚುತ್ತದೆ. ನಾನು ಅದನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಕೆಲಸಕ್ಕೆ ಬಿಡುವು ಸಿಗುವವರೆಗೆ ಲೂಪ್ ಹಾಕಿದೆ. ಎಂಜಿನ್ ಕಡೆಯಿಂದ ಕ್ಯಾಬಿನ್ ಗೋಡೆಗೆ ಹೋಗುವ ಎರಡು ಹೋಸ್‌ಗಳನ್ನು ಬಿಚ್ಚಿ, ಯು ಆಕಾರದ ಪೈಪಿನಿಂದ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದರೆ ಕೋರ್ ಸಾಲಿನಿಂದ ಹೊರಗೆ ಉಳಿಯುತ್ತದೆ. ನೇರ ಹೋಸನ್ನು ಬಲವಂತವಾಗಿ ಬಗ್ಗಿಸಿದರೆ ಮಡಿಕೆ ಬಿದ್ದು ನೀರು ನಿಲ್ಲುತ್ತದೆ. ಬಾಗಿದ ಪೈಪನ್ನೇ ತರಬೇಕು. ಎರಡೂ ತುದಿಗೆ ಬಿರಡೆ ಜಡಿಯುವವರಿದ್ದಾರೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ತೆರೆದುಕೊಳ್ಳುವ ಕವಾಟ) ತೆರೆಯುವ ಮೊದಲು ನೀರು ತಿರುಗುವ ದಾರಿಯೇ ಹೀಟರ್ ಸಾಲು. ಅದನ್ನು ಮುಚ್ಚುವ ಬದಲು ಲೂಪ್ ಹಾಕುವುದೇ ಕ್ಷೇಮ. ಹೀಗೆ ಲೂಪ್ ಹಾಕಿಕೊಂಡು ಮದ್ದೂರು, ಶ್ರೀರಂಗಪಟ್ಟಣ, ಮೈಸೂರು ಎಂದು ಬಯಲು ದಾರಿಯಲ್ಲಷ್ಟೇ ಓಡಿಸಿದೆ. ಪರಿಚಯದ ಮೆಕ್ಯಾನಿಕ್ ಒಬ್ಬರು, "ಅಣ್ಣಾ, ಹೀಗೇ ಬಿಟ್ಟುಬಿಡಿ, ಎಷ್ಟೋ ಗಾಡಿ ಹೀಗೇ ಓಡುತ್ತಿವೆ" ಎಂದರು. ಓಡುತ್ತಿರುವುದು ನಿಜ. ಘಾಟಿ ಹತ್ತದ ಗಾಡಿಗೆ ನಾನೂ ಅದನ್ನೇ ಹೇಳುತ್ತೇನೆ.

ಬಿಚ್ಚುವ ದಿನ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆ. ಕೂಲೆಂಟನ್ನು ಅಗಲ ಬೇಸಿನ್‌ಗೆ ಇಳಿಸಿ ಕೂಡಲೇ ಕ್ಯಾನಿಗೆ ತುಂಬಿ ಮುಚ್ಚಳ ಹಾಕಿದೆ. ಈ ಮಾತನ್ನು ಒತ್ತಿ ಹೇಳಬೇಕು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ಹೋದರೆ ವಿಷ. ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆ. ಅಂಗಳದಲ್ಲಿ ಹಸು, ನಾಯಿ, ಮಕ್ಕಳು ಓಡಾಡುವ ಮನೆಗಳು ನಮ್ಮವು. ಅದನ್ನು ನಾಲೆಗೋ ಚರಂಡಿಗೋ ಚೆಲ್ಲುವುದು ತಪ್ಪು. ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ, ಆಯಿಲ್ ಜೊತೆ ಬೆರೆಸದೆ, ಬೇರೆ ಕ್ಯಾನಿನಲ್ಲಿ ಒಪ್ಪಿಸಿದೆ.

ಡ್ಯಾಶ್‌ಬೋರ್ಡ್ ಬಿಚ್ಚುವುದು ತಾಳ್ಮೆಯ ಕೆಲಸವೇ ಹೊರತು ಕಷ್ಟದ್ದಲ್ಲ. ಒಂದೊಂದು ಭಾಗ ತೆಗೆಯುವ ಮೊದಲೂ ಮೊಬೈಲಿನಲ್ಲಿ ಫೋಟೊ ತೆಗೆದೆ. ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಯಾವ ಭಾಗದ್ದೆಂದು ಬರೆದೆ. ಕೋರಿನ ಪೈಪಿಗೆ ಅಂಟಿಕೊಂಡ ಹೋಸನ್ನು ತಿರುಚಿ ಎಳೆಯಬಾರದು. ಒಳಗಿನ ಹಿತ್ತಾಳೆ ಪೈಪ್ ಮೆದು, ಬೆಸುಗೆಯಲ್ಲೇ ಬಿರಿಯುತ್ತದೆ. ಹೋಸನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆದೆ. ಹೊಸ ಹೋಸಿಗೆ ಖರ್ಚಾಗುವುದು ಹೆಚ್ಚೇನಲ್ಲ.

ಕೋರ್ ಹೊರಗೆ ಬಂದಾಗ ಅದರ ತುದಿಯ ತೊಟ್ಟಿ ಮತ್ತು ನಡುವಿನ ಕೊಳವೆಗಳ ಜಾಲರಿ ಸೇರುವ ಅಂಚಿನಲ್ಲಿ ಹಸಿರು ಕಿಲುಬು ಗಟ್ಟಿಯಾಗಿ ಕಟ್ಟಿತ್ತು. ಪೈಪಿನ ಬಾಯಿಗೆ ಟಾರ್ಚ್ ಹಿಡಿದರೆ ಒಳಗೋಡೆಗೆ ಬಿಳಿ ಸುಣ್ಣದ ಪದರ. ಅದನ್ನು ಮೈಸೂರಿನ ಬನ್ನಿಮಂಟಪದ ಕಡೆ ರೇಡಿಯೇಟರ್ ಕೆಲಸ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರು. ಅಂಚಿನಲ್ಲಿ ಒಂದು ಸಾಲು ಗುಳ್ಳೆ, ನಡುವೆ ಎರಡು ಕಡೆ ಸಣ್ಣ ಗುಳ್ಳೆ. "ಅಂಚಿನದ್ದಕ್ಕೆ ಬೆಸುಗೆ ಹಾಕಬಹುದಪ್ಪಾ. ನಡುವಿನ ಕೊಳವೆ ಒಳಗಿನಿಂದ ತೆಳ್ಳಗಾಗಿದೆ. ಇವತ್ತು ಇಲ್ಲಿ ಮುಚ್ಚಿದರೆ ನಾಳೆ ಪಕ್ಕದಲ್ಲಿ ಬಿಡುತ್ತದೆ. ಯಾವ ನೀರು ಹಾಕಿದ್ದರು ಇದಕ್ಕೆ?" ಎಂದು ಕೇಳಿದರು.

ಆ ಪ್ರಶ್ನೆಯೇ ಇಡೀ ಕೆಲಸದ ತಿರುಳು. ಗಾಡಿಯ ಹಿಂದಿನ ಮಾಲೀಕರು ಪಂಪ್‌ಸೆಟ್ಟಿನ ಪಕ್ಕ ನಿಲ್ಲಿಸಿ ಕೊಳವೆಬಾವಿ ನೀರನ್ನೇ ತುಂಬಿಸುತ್ತಿದ್ದರು. ನಮ್ಮ ಕಡೆ ಆ ನೀರು ಗಡಸು. ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಕೊಳವೆಯೊಳಗೂ ಕಟ್ಟುತ್ತದೆ. ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶವೂ ಇರುವುದಿಲ್ಲ. ಊಟಿಯಲ್ಲಿ ಹೆಪ್ಪುಗಟ್ಟುವುದನ್ನು ತಡೆಯಲು ಮಾತ್ರ ಕೂಲೆಂಟ್ ಬೇಕು ಎಂಬ ನಂಬಿಕೆ ನಮ್ಮಲ್ಲಿದೆ. ಬಯಲು ಸೀಮೆಯಲ್ಲಿ ಅದು ಬೇಕಾಗಿರುವುದು ತುಕ್ಕು ತಡೆಯಲು, ಕುದಿಬಿಂದು ಏರಿಸಲು.

ಇನ್ನೊಂದು ಕಾರಣವನ್ನೂ ಹುಡುಕಿದೆ. ಎಂಜಿನ್ನಿನ ಅರ್ಥ್ ವೈರ್ ಸರಿಯಿಲ್ಲದಿದ್ದರೆ ವಿದ್ಯುತ್ತು ಕೂಲೆಂಟಿನ ಮೂಲಕ ದಾರಿ ಹುಡುಕಿಕೊಂಡು ತೆಳು ಲೋಹವನ್ನು ಸವೆಸುತ್ತದೆ. ಕೂಲೆಂಟ್ ಇಳಿಸುವ ಮೊದಲೇ ಇದನ್ನು ಅಳೆದಿದ್ದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಲೋಹಕ್ಕೆ ತಾಗದಂತೆ ರೇಡಿಯೇಟರಿನ ಬಾಯಲ್ಲಿರುವ ಕೂಲೆಂಟಿಗೆ. ತಣ್ಣನೆಯ ಎಂಜಿನ್ ಚಾಲೂ ಮಾಡಿ ದೀಪ, ಬ್ಲೋವರ್ ಎಲ್ಲ ಹಾಕಿದಾಗ 0.1 ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ, 0.3 ದಾಟಿದರೆ ಅರ್ಥ್ ನೋಡಲೇಬೇಕು. ನನ್ನದರಲ್ಲಿ ಅದು ದಾಟಿತ್ತು. ಎಂಜಿನ್ನಿನಿಂದ ಚಾಸಿಗೆ ಬರುವ ಪಟ್ಟಿಯ ಬೋಲ್ಟಿನಡಿ ಬಣ್ಣದ ಕೆಳಗೆಲ್ಲ ತುಕ್ಕು. ಲೋಹ ಹೊಳೆಯುವವರೆಗೆ ಉಜ್ಜಿ ಹೊಸ ಪಟ್ಟಿ ಹಾಕಿದೆ. ಇದನ್ನು ಬಿಟ್ಟಿದ್ದರೆ ಹೊಸ ಕೋರೂ ಹಾಗೇ ಸವೆಯುತ್ತಿತ್ತು.

ಹಿರಿಯರು ಹಳೆಯ ಹಿತ್ತಾಳೆ ತೊಟ್ಟಿಗಳನ್ನೇ ಉಳಿಸಿ ನಡುವಿನ ಜಾಲರಿಯನ್ನು ಹೊಸದಾಗಿ ಕೂರಿಸಿಕೊಟ್ಟರು. ಅಲ್ಯೂಮಿನಿಯಂ ಜಾಲರಿಗೆ ಪ್ಲಾಸ್ಟಿಕ್ ತೊಟ್ಟಿ ಇರುವ ಕೋರುಗಳಿಗೆ ಈ ಭಾಗ್ಯವಿಲ್ಲ, ಅವನ್ನು ಬದಲಿಸುವುದೇ ಸರಿ. ಕೂರಿಸುವಾಗ ಅಂಚಿನ ಸುತ್ತ ಹೊಸ ಸ್ಪಂಜಿನ ಪಟ್ಟಿ ಅಂಟಿಸಿದೆ. ಅದಿಲ್ಲದಿದ್ದರೆ ಗಾಳಿ ಕೋರಿನ ಪಕ್ಕದಿಂದ ನುಸುಳಿ ತಣ್ಣಗೇ ಬರುತ್ತದೆ. ಡ್ಯಾಶ್‌ಬೋರ್ಡ್ ಹೇಗೂ ಬಿಚ್ಚಿದ್ದರಿಂದ ಬ್ಲೋವರ್ ಮೋಟಾರ್ ಸ್ವಚ್ಛ ಮಾಡಿ, ಹೀಟರ್ ಕೇಬಲ್ಲಿಗೆ ಎಣ್ಣೆ ಬಿಟ್ಟೆ.

ಎಂಜಿನ್ ಒಳಗಿನ ಕೆಸರು ಹೊಸ ಕೋರಿಗೆ ಬರದಂತೆ, ಲೂಪ್ ಇರುವಾಗಲೇ ತಿಳಿನೀರು ಬರುವವರೆಗೆ ತೊಳೆದೆ. ಕೊನೆಯ ಸುತ್ತು ಡಿಸ್ಟಿಲ್ಡ್ ವಾಟರಿನಲ್ಲಿ. ಬಳಿಕ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಗಾಳಿ ತೆಗೆಯಲು ನಾಲೆ ಏರಿಯ ಇಳಿಜಾರಿನಲ್ಲಿ ಮೂತಿ ಮೇಲಾಗಿ ಗಾಡಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣನೆಯ ಎಂಜಿನ್ನನ್ನು ಮುಚ್ಚಳವಿಲ್ಲದೆ ಚಾಲೂ ಮಾಡಿದೆ. ಗುಳ್ಳೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ತುಂಬಿಸುತ್ತ ಹೋಗಿ ಮುಚ್ಚಳ ಹಾಕಿದೆ. ಕೊನೆಗೆ ಎರಡೂ ಹೋಸ್ ಮುಟ್ಟಿ ನೋಡಬೇಕು. ಎರಡೂ ಬಿಸಿಯಾಗಿದ್ದರೆ ನೀರು ಹರಿಯುತ್ತಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಒಳಗೆ ಗಾಳಿಯೋ ಕಸವೋ ಸಿಕ್ಕಿಕೊಂಡಿದೆ.

ಗಾಜಿನ ಒಳಮೈಗೆ ಅಂಟಿದ್ದ ಜಿಡ್ಡನ್ನು ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕಾಯಿತು. ಒದ್ದೆ ಹಾಸನ್ನು ಕಿತ್ತು ಬಿಸಿಲಿಗೆ ಹಾಕಿದೆ. ಎಂಜಿನ್ ಬಿಸಿಯಾಗಿ ತಣಿದ ಮೇಲೆ ಹೋಸ್ ಕ್ಲಿಪ್‌ಗಳು ಒಂದು ಸುತ್ತು ಸಡಿಲಾಗಿದ್ದವು, ಬಿಗಿ ಮಾಡಿದೆ. ನಂತರದ ಮಳೆಗಾಲದಲ್ಲಿ ನಡುವಟ್ಟಂ ಹತ್ತುವಾಗ ಬ್ಲೋವರ್ ಹಾಕಿದರೆ ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತದೆ, ಬಾಟಲಿಯ ಮಟ್ಟ ಗೆರೆಯಲ್ಲೇ ನಿಂತಿದೆ. ಈಗ ಸೀಟಿನ ಹಿಂದೆ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ಯಾವಾಗಲೂ ಇರುತ್ತದೆ, ದಾರಿಯಲ್ಲಿ ಯಾರ ಪಂಪ್‌ಸೆಟ್ಟನ್ನೂ ಕೇಳುವ ಅಗತ್ಯ ಬೀಳದಂತೆ.